ಅಶ್ವತ್ಥಕ್ಕನ ಲೆಕ್ಕದ ಪಿನ್ನು

ಅಶ್ವತ್ಥಕ್ಕ ಮದುವೆಮನೆಗೆ ಬಂದರೆ ಮೊದಲು ಕೇಳಿಸುತ್ತಿದ್ದದ್ದು ಬಳೆಯ ಸದ್ದಲ್ಲ, ಬಳೆಗೆ ಸಿಕ್ಕಿಸಿದ ಪಿನ್ನುಗಳ ಸದ್ದು. ಬಲಗೈಯ ತೆಳ್ಳನೆಯ ಬಳೆಯೊಂದರಲ್ಲಿ ಹತ್ತು ಸೇಫ್ಟಿ ಪಿನ್ನುಗಳು ಸಾಲಾಗಿ ನೇತಾಡುತ್ತಿದ್ದವು. ಎಲ್ಲವೂ ಒಂದೇ ಅಳತೆಯವು, ಕೈಯ ಬೆವರಿಗೆ ಹೊಳಪು ಕಳೆದುಕೊಂಡು ಬಿಳುಚಿಕೊಂಡವು. ಊಟದ ಮನೆಯಲ್ಲಿ ಒಂದು ಪಂಕ್ತಿ ಎದ್ದು ಇನ್ನೊಂದು ಪಂಕ್ತಿ ಕೂತ ಕೂಡಲೇ ಒಂದು ಪಿನ್ನು ಬಲಗೈಯಿಂದ ಎಡಗೈಗೆ ದಾಟುತ್ತಿತ್ತು. ಯಾರ ಜೊತೆ ಮಾತಾಡುತ್ತಿದ್ದರೂ ಕಣ್ಣು ಬಾಗಿಲ ಕಡೆ, ಬೆರಳು ಬಳೆಯ ಮೇಲೆ. ಇನ್ನೆಷ್ಟು ಅಕ್ಕಿ ತೊಳೆಯಬೇಕು, ಹಪ್ಪಳ ಕರಿಯುವುದನ್ನು ನಿಲ್ಲಿಸಬಹುದೋ ಇಲ್ಲವೋ ಎಂಬುದನ್ನು ಅಡುಗೆಯವರು ಅವರ ಬಾಯಿಂದ ಕೇಳುತ್ತಿರಲಿಲ್ಲ. ಒಳಗಿನಿಂದ ಇಣುಕಿ ಆ ಎರಡು ಕೈಗಳನ್ನು ನೋಡಿ ತಿಳಿದುಕೊಳ್ಳುತ್ತಿದ್ದರು.

ನಾನು ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಬಂದ ಹೊಸದರಲ್ಲಿ ಅವರನ್ನು ಮೊದಲು ಕಂಡದ್ದು ಇಂಥದ್ದೇ ಒಂದು ಊಟದ ಮನೆಯ ಬಾಗಿಲಲ್ಲಿ. ಕಾನ್ವೆಂಟಿನಲ್ಲಿ ಓದಿ, ಸೀರೆಗಿಂತ ಸಮವಸ್ತ್ರವನ್ನೇ ಹೆಚ್ಚು ಉಟ್ಟಿದ್ದ ನನ್ನ ಸೆರಗು ಭುಜದಿಂದ ಜಾರುತ್ತಲೇ ಇತ್ತು. ಕಂಡ ಪಿನ್ನುಗಳ ಕಡೆ ಕೈ ಚಾಚಿ, "ಅಕ್ಕಾ, ಒಂದು ಕೊಡ್ತೀರಾ?" ಅಂದೆ. ಅವರು ಕೈಯನ್ನು ಹಿಂದಕ್ಕೆ ಎಳೆದುಕೊಂಡುಬಿಟ್ಟರು.

"ಅದನ್ನ ಮುಟ್ಬೇಡಮ್ಮಾ ತಾಯಿ! ಅದು ಲೆಕ್ಕದ ಪಿನ್ನು. ಒಂದು ಕಿತ್ತರೆ ನೂರಿಪ್ಪತ್ತು ಜನ ಹಸ್ಕೊಂಡು ಮನೆಗೆ ಹೋಗ್ತಾರೆ."

ಆಮೇಲೆ ಮಾಂಗಲ್ಯದ ಸರವನ್ನು ಸೆರಗಿನೊಳಗಿಂದ ಹೊರಗೆಳೆದರು. ಅಲ್ಲಿ ಇನ್ನೊಂದು ಗೊಂಚಲು ಪಿನ್ನು. "ಇದು ದಾನದ ಪಿನ್ನು. ತಗೋ" ಎಂದು ಒಂದನ್ನು ಬಿಚ್ಚಿ ತಾವೇ ನನ್ನ ಸೆರಗಿಗೆ ಚುಚ್ಚಿ, ನೆರಿಗೆಯನ್ನು ಒಮ್ಮೆ ತಟ್ಟಿ ನೋಡಿದರು. "ಕಾನ್ವೆಂಟಲ್ಲಿ ಸೆರಗು ಹಾಕ್ಕೊಳೋದು ಹೇಳ್ಕೊಡ್ಲಿಲ್ವೇನಮ್ಮ?"

ಮಾರನೆಯ ದಿನ ಬಟ್ಟೆ ಒಣಗಿಸಲು ಹಿತ್ತಲಿಗೆ ಹೋದರೆ ಕಾಂಪೌಂಡಿನ ಆಚೆ ಅದೇ ಮುಖ. "ಓ, ಜಾರೋ ಸೆರಗು ನೀನೇನಾ ನಮ್ಮ ಪಕ್ಕದ ಮನೆ?" ಅಲ್ಲಿಂದ ಇಪ್ಪತ್ತು ವರ್ಷ ಆ ಕಾಂಪೌಂಡಿನ ಮೇಲೆ ಹಾಲಿನ ಚೊಂಬು, ಕರಿಬೇವು, ಬಿಸಿ ಒಬ್ಬಟ್ಟು, ನನ್ನ ಮಗಳು ಚೈತ್ರ, ಎಲ್ಲವೂ ಈಚೆಯಿಂದ ಆಚೆಗೆ ದಾಟಿದವು.

ಅವರ ತವರು ವಿದುರಾಶ್ವತ್ಥದ ಹತ್ತಿರದ ಹಳ್ಳಿ. ಆ ಕಡೆ ಮನೆಗೊಬ್ಬ ಅಶ್ವತ್ಥಪ್ಪನೋ ಅಶ್ವತ್ಥಮ್ಮನೋ ಇರುತ್ತಾರೆ. ಅವರ ಮನೆಯಲ್ಲಿ ಮೂವರಿದ್ದರಂತೆ. ಗಂಡ ನಂಜುಂಡಣ್ಣ ದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಮೆಕ್ಯಾನಿಕ್, ಮಾತು ಕಡಿಮೆ. ಇವರಿಗೆ ಮಕ್ಕಳಿರಲಿಲ್ಲ. ಅದರ ಬಗ್ಗೆ ಯಾರಾದರೂ ಅನುಕಂಪದ ಮಾತು ತೆಗೆದರೆ, "ವಾರಕ್ಕೆರಡು ಮದುವೆ ಮಾಡಿಸ್ತೀನಿ. ಇನ್ನೆಷ್ಟು ಮಕ್ಕಳು ಬೇಕು?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅವರು ಮಾಡುತ್ತಿದ್ದ ಕೆಲಸಕ್ಕೆ ನಮ್ಮೂರಲ್ಲಿ ಹೆಸರಿರಲಿಲ್ಲ. ಬೋರ್ಡಿರಲಿಲ್ಲ, ವಿಸಿಟಿಂಗ್ ಕಾರ್ಡೂ ಇರಲಿಲ್ಲ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗೌರಿಬಿದನೂರು, ಚಿಂತಾಮಣಿ, ಎಲ್ಲೇ ಮದುವೆ ಗೊತ್ತಾದರೂ ಛತ್ರ ಹಿಡಿದ ಮೇಲೆ ಹೆಣ್ಣಿನ ತಾಯಿ ಬಂದು ಕೇಳುತ್ತಿದ್ದದ್ದು ಒಂದೇ ಮಾತು: "ಅಶ್ವತ್ಥಕ್ಕ, ನೀವು ನಿಂತು ಮಾಡಿಸ್ಬೇಕು." ಹೂವಿನ ಮಾರ್ಕೆಟ್ಟಿನಲ್ಲಿ ಸೇವಂತಿಗೆಯ ಮೂಟೆಗೆ ಕೈ ಹಾಕಿ ಒಳಗಿನ ಹೂವು ನಿನ್ನೆಯದೋ ಇವತ್ತಿನದೋ ಹೇಳುವವರು ಅವರು. ಓಲಗದವರಿಗೆ ಕಾಫಿ ಕಳಿಸುವುದು, ಧಾರೆಯ ಹೊತ್ತಿಗೆ ಪುರೋಹಿತರು ಕೇಳುವ ಮುಂಚೆಯೇ ತೆಂಗಿನಕಾಯಿ ತಂದಿಡುವುದು, ಫೋಟೋದವನನ್ನು ಅಜ್ಜಿಯರ ಮುಂದಿನಿಂದ ಪಕ್ಕಕ್ಕೆ ಸರಿಸುವುದು, ಎಲ್ಲ ಅವರದ್ದೇ. ಆದರೆ ಯಾವುದನ್ನೂ ತಾವು ಮಾಡಿದೆ ಅನ್ನುತ್ತಿರಲಿಲ್ಲ. "ನಾನೇನ್ಮಾಡ್ದೆ? ಮಾಡ್ದೋರು ಔರು. ನಾನು ನಿಂತಿದ್ದೆ ಅಷ್ಟೇ."

ಶಿಡ್ಲಘಟ್ಟದ ಹುಡುಗಿ, ಚಿಂತಾಮಣಿಯ ಗಂಡು. ಆ ಮದುವೆಗೆ ನಾನೂ ಹೋಗಿದ್ದೆ. ಗಂಡಿನ ಸೋದರಮಾವನಿಗೆ ಬಾಗಿಲಲ್ಲಿ ಸರಿಯಾಗಿ ಪನ್ನೀರು ಚಿಮುಕಿಸಲಿಲ್ಲವೆಂದು ಸಿಟ್ಟು ಬಂದು, ಆತ ಊಟಕ್ಕೆ ಏಳದೆ ಹೊರಗೆ ಕಾರಿನಲ್ಲಿ ಹೋಗಿ ಕೂತುಬಿಟ್ಟರು. ಹೆಣ್ಣಿನ ಅಪ್ಪ ಎರಡು ಸಲ ಕೈ ಮುಗಿದು ಬಂದರು. ಆಗ ಅಶ್ವತ್ಥಕ್ಕ ಕಾರಿನ ಕಿಟಕಿಯ ಹತ್ತಿರ ಹೋಗಿ ತೆಲುಗಿನಲ್ಲಿ, "ಅನ್ನಯ್ಯಾ, ಲೇವಂಡಿ" ಎಂದು ಮೆತ್ತಗೆ ಏಳಲು ಹೇಳಿದರು. ಆತ ಮುಖ ತಿರುಗಿಸಿಕೊಂಡರು. ಅಶ್ವತ್ಥಕ್ಕ ಬಲಗೈಯನ್ನು ಕಿಟಕಿಯೊಳಗೆ ಹಾಕಿ ಪಿನ್ನು ತೋರಿಸಿದರು.

"ನೋಡಣ್ಣ, ಮೂರನೇ ಪಂಕ್ತೀಲಿ ನಿಮ್ಮ ಎಲೆ ಹಾಕ್ಸಿಬಿಟ್ಟಿದೀನಿ. ನೀವು ಕೂರ್ದಿದ್ರೆ ಪಂಕ್ತಿ ತುಂಬಲ್ಲ. ಪಂಕ್ತಿ ತುಂಬ್ದಿದ್ರೆ ನನ್ನ ಪಿನ್ನು ದಾಟಲ್ಲ. ಪಿನ್ನು ದಾಟೋವರ್ಗೂ ಬಡಿಸೋರು ಕೈ ಎತ್ತಲ್ಲ. ಹಿಂದೆ ನಿಮ್ಮೂರೋರೇ ನೂರು ಜನ ನಿಂತವ್ರೆ, ಹಸ್ಕೊಂಡು. ಅದ್ರಲ್ಲಿ ನಿಮ್ಮನೇವ್ರೂ ಅವ್ರೆ. ಅವ್ರಿಗೆ ಸಿಟ್ಟು ಬಂದ್ರೆ ನಾನು ಜವಾಬ್ದಾರಿ ಅಲ್ಲ."

ಹೆಂಡತಿಯ ಮಾತು ಬಂದಕೂಡಲೇ ಆತ ನಕ್ಕುಬಿಟ್ಟರು. ಎದ್ದು ಬಂದು ಊಟಕ್ಕೆ ಕೂತು, ಎರಡು ಸಲ ಪಾಯಸ ಹಾಕಿಸಿಕೊಂಡರು.

ಇನ್ನೊಂದು ಸಂಗತಿ ನಾನು ಅವರ ಜೊತೆ ಓಡಾಡತೊಡಗಿದ ಮೇಲೆ ಗಮನಿಸಿದ್ದು. ಎಲ್ಲ ಪಂಕ್ತಿ ಮುಗಿದು, ಬಡಿಸಿದವರೂ ಓಲಗದವರೂ ಪಾತ್ರೆ ತೊಳೆಯುವವರೂ ಉಂಡು ಎದ್ದ ಮೇಲೆ, ಮಿಕ್ಕವನ್ನೆಲ್ಲ ಎಡಗೈಗೆ ದಾಟಿಸಿದರೂ ಬಲಗೈಯಲ್ಲಿ ಒಂದು ಪಿನ್ನು ಉಳಿದೇ ಇರುತ್ತಿತ್ತು. ಅದನ್ನು ದಾಟಿಸುತ್ತಿರಲಿಲ್ಲ. ಒಂದು ಎಲೆ, ಒಬ್ಬರಿಗಾಗುವಷ್ಟು ಅನ್ನ, ಸಾರು, ಪಲ್ಯ, ಒಂದು ಒಬ್ಬಟ್ಟು ಮುಚ್ಚಿಟ್ಟಿರುತ್ತಿದ್ದರು. ಯಾರಿಗೆ ಎಂದು ಕೇಳಿದ್ದಕ್ಕೆ, "ಯಾರೋ ಒಬ್ರು ಬಸ್ಸು ತಪ್ಪಿಸ್ಕೊಂಡೋರು ಇದ್ದೇ ಇರ್ತಾರೆ ಕಣೇ, ಶೈಲಮ್ಮ" ಅಂದರು. ನನಗೆ ಅದು ಸುಮ್ಮನೆ ಅಭ್ಯಾಸ ಅನ್ನಿಸಿತ್ತು. ಒಂದು ಮದುವೆಯಲ್ಲಿ ಸಂಜೆ ನಾಲ್ಕರ ಹೊತ್ತಿಗೆ, ಚಪ್ಪರ ಬಿಚ್ಚುತ್ತಿರುವಾಗ, ಪೆರೇಸಂದ್ರದ ಕಡೆಯಿಂದ ಒಬ್ಬ ಅಜ್ಜಿ ಬಂದಿಳಿದರು. ಕೈಯಲ್ಲಿ ಹಳದಿ ಚೀಲ, ಅದರಲ್ಲಿ ಮದುಮಗಳಿಗೆ ಒಂದು ರವಿಕೆ ಬಟ್ಟೆ. ಬಾಗಿಲಲ್ಲಿ ನಿಂತು, "ಎಲ್ಲಾ ಆಗೋಯ್ತೇನಮ್ಮ?" ಎಂದು ಕೇಳಿದ ಆ ಧ್ವನಿ ಇನ್ನೂ ನನ್ನ ಕಿವಿಯಲ್ಲಿದೆ. ಅಶ್ವತ್ಥಕ್ಕ ಬಳೆ ತೋರಿಸಿ, "ಎಲ್ಲಿ ಆಯ್ತಜ್ಜಿ? ಕೊನೇ ಪಂಕ್ತಿ ಇನ್ನೂ ಕೂತೇ ಇಲ್ಲ. ನಿಮಗೇ ಕಾಯ್ತಿದ್ವಿ" ಅಂದರು. ಅಜ್ಜಿ ಒಬ್ಬರೇ ಕೂತು ಉಂಡರು. ಅವರು ಕೈ ತೊಳೆದ ಮೇಲೆಯೇ ಆ ಪಿನ್ನು ದಾಟಿದ್ದು.

ಚೈತ್ರ ಚಿಕ್ಕವಳಿದ್ದಾಗ ಅವರ ತೊಡೆಯ ಮೇಲೆ ಕೂತು ಆ ಪಿನ್ನುಗಳನ್ನು ಎಣಿಸಿಯೇ ಹತ್ತರವರೆಗೆ ಕಲಿತಳು. ಅವಳಿಗೆ ಮಾತ್ರ ಲೆಕ್ಕದ ಪಿನ್ನು ಮುಟ್ಟುವ ಅಧಿಕಾರವಿತ್ತು. "ನಿನ್ನ ಮದುವೆ ನಾನು ನಿಂತು ಮಾಡಿಸ್ತೀನಿ ಕಣೇ, ಚೈತ್ರಮ್ಮ. ಗಂಡು ಯಾರಾದ್ರೂ ಆಗ್ಲಿ, ಬಾಗಿಲಲ್ಲಿ ಮಾತ್ರ ನಾನೇ." ಈ ಮಾತನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ, ಮಗಳ ಮದುವೆ ಎಂದು ಮನಸ್ಸಿನಲ್ಲಿ ಚಿತ್ರ ಬರೆದುಕೊಂಡಾಗಲೆಲ್ಲ ನನಗೆ ಮೊದಲು ಕಾಣುತ್ತಿದ್ದದ್ದು ಊಟದ ಮನೆಯ ಬಾಗಿಲಲ್ಲಿ ನಿಂತ ಅಶ್ವತ್ಥಕ್ಕ. ಅಳಿಯನ ಮುಖ ಆಮೇಲೆ.

ನಾಲ್ಕು ವರ್ಷದ ಹಿಂದೆ ನಂಜುಂಡಣ್ಣನಿಗೆ ನ್ಯೂಜಿಲೆಂಡಿನಲ್ಲಿ, ಸೇಬು ಇಡುವ ದೊಡ್ಡ ಕೋಲ್ಡ್ ಸ್ಟೋರೇಜೊಂದರಲ್ಲಿ ಕೆಲಸ ಸಿಕ್ಕಿತು. ಮಾತೇ ಆಡದ ಮನುಷ್ಯ ಆ ವಯಸ್ಸಿನಲ್ಲಿ ದೇಶ ಬಿಡುವ ಮನಸ್ಸು ಮಾಡಿದ್ದು ನಮಗೆಲ್ಲ ಆಶ್ಚರ್ಯ. "ಒಂದ್ಸಲನಾದ್ರೂ ಏನೋ ಕೇಳ್ದ ಮನುಷ್ಯ. ಬ್ಯಾಡ ಅನ್ನೋದೆಂಗೆ?" ಎಂದರು ಅಶ್ವತ್ಥಕ್ಕ. ಹೊರಡುವ ದಿನ ಬೆಳಿಗ್ಗೆ ಕಾಂಪೌಂಡಿನ ಹತ್ತಿರ ನನ್ನನ್ನು ಕರೆದು, ಬಲಗೈ ಬಳೆಯಿಂದ ಐದು ಪಿನ್ನು ಬಿಚ್ಚಿ ನನ್ನ ಬಳೆಗೆ ಹಾಕಿದರು.

"ಐದು ನನ್ನ ಹತ್ರ, ಐದು ನಿನ್ನ ಹತ್ರ. ಚೈತ್ರನ ಮದುವೆಗೆ ಬರ್ತೀನಲ್ಲ, ಆವತ್ತು ಹತ್ತಾಗ್ತದೆ. ಅಲ್ಲೀವರ್ಗೂ ಇವನ್ನ ರವಿಕೆಗೆ ಗಿವಿಕೆಗೆ ಚುಚ್ಕೊಂಡು ಹಾಳು ಮಾಡ್ಬೇಡ."

ಅಲ್ಲಿ ಹೋದ ಮೊದಲ ತಿಂಗಳುಗಳಲ್ಲಿ ಫೋನಿನಲ್ಲಿ ಅವರ ಧ್ವನಿ ಸಣ್ಣಗಾಗಿತ್ತು. ನನ್ನ ಬೆಳಗಿನ ಕೆಲಸ ಮುಗಿಯುವ ಹತ್ತೂವರೆಗೆ ಅವರಿಗೆ ಸಂಜೆ. ಗಂಡನಿದ್ದ ಕೋಲ್ಡ್ ಸ್ಟೋರೇಜಿನಲ್ಲೇ ಸೇಬು ಆರಿಸುವ ಕೆಲಸ ಮಾಡುತ್ತಿದ್ದರು. "ಸೇಬು ಮಾತಾಡಲ್ಲ ಕಣೇ. ಒಂದಾದ್ರೂ ಮುನಿಸ್ಕೊಂಡು ಪಕ್ಕಕ್ಕೆ ಹೋಗಿ ಕೂರಲ್ಲ." ರಜದ ದಿನ ನಡೆದು ಹೋಗುವಾಗ ದಾರಿಯಲ್ಲಿ ಛತ್ರದಂಥ ಒಂದು ಮದುವೆಯ ಹಾಲ್, ಅದಕ್ಕೆ ದೊಡ್ಡ ಗಾಜಿನ ಗೋಡೆ. ಫುಟ್‌ಪಾತಿನಲ್ಲಿ ನಿಂತು ಒಂದು ಮದುವೆಯನ್ನು ಪೂರ್ತಿ ನೋಡಿದರಂತೆ. "ಒಂದೇ ಪಂಕ್ತಿ ಶೈಲಮ್ಮ! ಎಲ್ಲಾರೂ ಒಂದೇ ಸಲ ಕೂತ್ರು. ಒಂದೊಂದು ಕುರ್ಚಿಗೂ ಹೆಸರು ಬರ್ದು ಇಟ್ಟವ್ರೆ. ಹೆಸರಿಲ್ದೋರು ಬಂದ್ರೆ ಎಲ್ಲಿ ಕೂರ್ಬೇಕು?" ಆಮೇಲೆ, "ಇಲ್ಲೂ ಮದುವೆ ಮಾಡ್ಕೊಂತಾರಲ್ಲೇ. ನಿಂತು ಮಾಡ್ಸೋರು ಬ್ಯಾಡ್ವಾ?" ಅಂದರು.

ಬೇಕಿತ್ತು. ಅಂಥ ಕೆಲಸಕ್ಕೇ ಅಲ್ಲಿ ಕಂಪನಿಗಳಿದ್ದವು. ಆದರೆ ಅರ್ಜಿಯಲ್ಲಿ ಹಿಂದಿನ ಹುದ್ದೆಯ ಹೆಸರು ಕೇಳುತ್ತಿದ್ದರು, ಶಿಫಾರಸು ಕೊಡುವವರ ಇ-ಮೇಲ್ ಕೇಳುತ್ತಿದ್ದರು. ಅಡುಗೆಯ ವೆಂಕಟರಮಣಪ್ಪನವರಿಗೆ ಎಲ್ಲಿಯ ಇ-ಮೇಲು? ಕೆಲವರು ಉತ್ತರಿಸಲಿಲ್ಲ, ಕೆಲವರು ಈ ದೇಶದ ಅನುಭವ ಬೇಕು ಅಂದರು. ಕೊನೆಗೆ ಅಶ್ವತ್ಥಕ್ಕ, "ನೀನೊಂದು ಕಾಗದ ಬರ್ದುಕೊಡು. ನಿಂದು ಕಾನ್ವೆಂಟ್ ಇಂಗ್ಲಿಷು. ನಾನೇ ಹೋಗಿ ಆ ಗಾಜಿನ ಹಾಲ್ನೋರ ಕೈಗೆ ಕೊಡ್ತೀನಿ" ಅಂದರು.

ಆ ಕಾಗದಕ್ಕೆ ನಾನು ಎರಡು ದಿನ ತೆಗೆದುಕೊಂಡೆ. ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದ ದುಂಡನೆಯ ಅಕ್ಷರ, ನಾಲ್ಕೂ ಕಡೆ ಅಂಚು ಬಿಟ್ಟು. ಐನೂರಕ್ಕೂ ಹೆಚ್ಚು ಮದುವೆಗಳನ್ನು ಏರ್ಪಡಿಸಿದ್ದಾರೆ ಎಂದು ಬರೆದು ಫೋನಿನಲ್ಲಿ ಓದಿ, ಅರ್ಥ ಹೇಳಿದೆ. ಅವರು ಒಪ್ಪಲಿಲ್ಲ.

"ಏರ್ಪಾಡು ಮಾಡೋರು ಹೆಣ್ಣಿನ ಅಪ್ಪ ಅಮ್ಮ. ಅದು ನಾನ್ಹೆಂಗಾಯ್ತೀನಿ? ಸುಳ್ಳು ಬರೀಬೇಡ."

"ಮತ್ತೆ ನಡೆಸಿದ್ದಾರೆ ಅಂತ ಬರೀಲಾ?"

"ನಡೆಸೋರು ಪುರೋಹಿತರು."

"ಹಾಗಾದ್ರೆ ನೀವೇನು ಮಾಡಿದ್ದು ಅಕ್ಕ?"

"ನಾನು ನಿಂತಿದ್ದೆ. ಮಾಡಿಸ್ದೆ."

ಈ 'ಮಾಡಿಸಿದೆ'ಗೆ ಇಂಗ್ಲಿಷಿನಲ್ಲಿ ಪದ ಹುಡುಕಿ ಹುಡುಕಿ ಸೋತೆ. ಬಲವಂತ ಮಾಡಿದರು ಅನ್ನುವಂತೆ ಬರುತ್ತಿತ್ತು, ಇಲ್ಲವೇ ಕೂಲಿಯವರನ್ನು ಇಟ್ಟುಕೊಂಡಿದ್ದರು ಅನ್ನುವಂತೆ. ನಿಜ ಬಿಟ್ಟು ಏನನ್ನೂ ಬರೆಯಬಾರದೆಂದು ಸಿಸ್ಟರ್ ಕಲಿಸಿದ್ದರಲ್ಲ. ಕೊನೆಗೆ ಅವರು ಹೇಳಿದ್ದನ್ನೇ ಬರೆದೆ: ಇವರು ಐನೂರಕ್ಕೂ ಹೆಚ್ಚು ಮದುವೆಗಳಲ್ಲಿ ನಿಂತಿದ್ದಾರೆ.

ಗಾಜಿನ ಹಾಲಿನ ಮ್ಯಾನೇಜರಮ್ಮ ಕಾಗದವನ್ನು ಎರಡು ಸಲ ಓದಿದರಂತೆ. ಇಂಥ ಅಕ್ಷರ ನೋಡಿ ಬಹಳ ಕಾಲವಾಯಿತು ಎಂದರಂತೆ. ಆಮೇಲೆ ಬಹಳ ಮರ್ಯಾದೆಯಿಂದ, "ಐನೂರು ಮದುವೆಗಳಲ್ಲಿ ತಾವು ಎಲ್ಲಿ ನಿಂತಿದ್ದಿರಿ?" ಎಂದು ಕೇಳಿದರು. ಅಶ್ವತ್ಥಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: "ಬಾಗಿಲಲ್ಲಿ."

ಬಾಗಿಲಲ್ಲಿಯೇ ಕೆಲಸ ಕೊಟ್ಟರು. ಚಳಿಗಾಲದಲ್ಲಿ ಬರುವವರ ಕೋಟು, ಕೊಡೆ ಇಸಿದುಕೊಂಡು ಚೀಟಿ ಕೊಡುವುದು, ಹೋಗುವಾಗ ಹಿಂತಿರುಗಿಸುವುದು.

ಒಳಗೆ ನಿಂತು ಇಡೀ ಮದುವೆ ನಡೆಸಬೇಕಾದವರನ್ನು ನನ್ನ ದುಂಡನೆಯ ಅಕ್ಷರ ಹೊಸ್ತಿಲಲ್ಲೇ ನಿಲ್ಲಿಸಿಬಿಟ್ಟಿತಲ್ಲ. "ತಪ್ಪು ನಂದು ಅಕ್ಕ" ಅಂದೆ. "ಯಾಕೆ ಮೂಗೆಳೀತೀಯಾ? ಬಾಗಿಲಲ್ವೇನೇ ನನ್ನ ಜಾಗ?" ಎಂದು ನಕ್ಕರು. ನಗು ಮುಗಿದ ಮೇಲೆ ಮೆಲ್ಲಗೆ ಹೇಳಿದರು: "ಬಳೆ ಮಾತ್ರ ಬಿಚ್ಸಿದಾರೆ ಕಣೇ. ಕಪ್ಪು ಬಟ್ಟೆ, ಬರೀ ಕೈ. ಹೆಸರು ಕರ್ಯಕ್ಕೆ ಬರಲ್ಲಂತೆ, ಆಶ್ ಅಂತ ಇಟ್ಟವ್ರೆ. ಆಶ್ ಅಂದ್ರೆ ಬೂದಿ ಅಲ್ವಾ?"

"ಇಲ್ಲ ಅಕ್ಕ, ಅದು ಅಲ್ಲಿಯ ಒಂದು ಮರದ ಹೆಸರು ಕೂಡ."

"ಮರಾನಾ? ಹಂಗಾದ್ರೆ ಸರಿ ಬಿಡು. ಅಶ್ವತ್ಥಾನೂ ಮರಾನೇ."

ಬಳೆ ಇಲ್ಲದಿದ್ದರೆ ಪಿನ್ನು ಎಲ್ಲಿ? ಏಪ್ರನ್ನಿನ ಒಳಮಡಿಕೆಯಲ್ಲಿ. ಬಲಜೇಬಿನ ಹಿಂದೆ ನಮ್ಮೂರಿನ ಐದು, ಜೊತೆಗೆ ಅಲ್ಲಿ ಕೊಂಡ ಕಪ್ಪು ಬಣ್ಣದ ಐದು. ಇಪ್ಪತ್ತು ಕೋಟುಗಳಿಗೆ ಒಂದು ಪಿನ್ನು ಎಡಕ್ಕೆ. ಯಾರೂ ಹೇಳಿರಲಿಲ್ಲ, ಯಾರಿಗೂ ಬೇಕಿರಲಿಲ್ಲ. ಕೈ ಸುಮ್ಮನಿರುತ್ತಿರಲಿಲ್ಲ, ಅಷ್ಟೇ.

ಎರಡನೆಯ ಚಳಿಗಾಲದಲ್ಲಿ, ಅಲ್ಲಿಯ ಸುತ್ತಲಿನ ದ್ವೀಪಗಳಿಂದ ಬಂದು ನೆಲೆಸಿದ ಒಂದು ಮನೆತನದ ಮದುವೆ ಆ ಹಾಲಿನಲ್ಲಿ ನಡೆಯಿತು. ಕುರ್ಚಿ ಹಾಕಿದ್ದು ನೂರಿಪ್ಪತ್ತು. ಅಶ್ವತ್ಥಕ್ಕನ ಆರನೆಯ ಪಿನ್ನು ದಾಟಿದ ಮೇಲೂ ಬಾಗಿಲಲ್ಲಿ ಜನ. ಮಕ್ಕಳು, ಅಜ್ಜಿಯರು, ಕುತ್ತಿಗೆಗೆ ಹೂವಿನ ಹಾರ. "ನಮ್ಮೋರ ಹಂಗೇ ಕಣೇ! ಕರೆದೋರ ಜೊತೆ ಕರೀದೋರೂ ಬಂದವ್ರೆ, ನಗ್ತಾ ನಗ್ತಾ." ಎಂಟನೆಯ ಪಿನ್ನಿಗೆ ಅವರು ಜಾಗ ಬಿಟ್ಟು ಅಡುಗೆಮನೆಗೆ ಓಡಿ, ತಮ್ಮ ಇಂಗ್ಲಿಷಿನಲ್ಲಿ, ನಲವತ್ತು ಜನ ಹೆಚ್ಚು ಎಂದರು. ಮ್ಯಾನೇಜರಮ್ಮ ಪಟ್ಟಿ ತೋರಿಸಿ ಸಾಧ್ಯವೇ ಇಲ್ಲ ಅಂದರಂತೆ. ಅಶ್ವತ್ಥಕ್ಕ ಏಪ್ರನ್ನು ತಿರುಗಿಸಿ ಒಳಗಿನ ಪಿನ್ನು ತೋರಿಸಿದರು. ಆಮೇಲೆ ಅಡುಗೆಮನೆಯವರು ಇವರ ಮಾತು ಕೇಳಿದರು, ಇವರು ಮಾಡಿಸಿದರು. ಗೋಡೆಯ ಉದ್ದಕ್ಕೂ ಮೇಜು ಜೋಡಿಸಿ, ಮಕ್ಕಳಿಗೆ ಮೊದಲ ಪಂಕ್ತಿ, ದೊಡ್ಡವರಿಗೆ ಎರಡನೆಯದು. ಮದುಮಗಳ ಅಜ್ಜಿ ಹೋಗುವಾಗ ತಮ್ಮ ಕುತ್ತಿಗೆಯ ಹಾರ ತೆಗೆದು ಇವರಿಗೆ ಹಾಕಿದರಂತೆ. ಕೋಟಿನ ಕೆಲಸ ಅಂದಿಗೆ ಮುಗಿಯಿತು. ಒಳಗೆ ತೆಗೆದುಕೊಂಡರು.

ಈ ವರ್ಷ ಚೈತ್ರಳ ಮದುವೆ ಮಾಘದಲ್ಲಿ ಗೊತ್ತಾಯಿತು. ಅಶ್ವತ್ಥಕ್ಕ ಟಿಕೆಟ್ಟನ್ನೂ ನೋಡಿಟ್ಟಿದ್ದರು. ಮದುವೆಗೆ ಇನ್ನು ಮೂರು ವಾರವಿದೆ ಅನ್ನುವಾಗ ಎಂದಿನ ಹತ್ತೂವರೆಗೆ ಫೋನು ಬಂತು.

"ಶೈಲಮ್ಮ, ಕೋಆರ್ಡಿನೇಟರ್ ಅಂದ್ರೆ ಏನೇ?"

"ಯಾಕಕ್ಕ?"

"ನಂಗೆ ಬಿಲ್ಲೆ ಮಾಡ್ಸವ್ರೆ. ಎದೆ ಮೇಲೆ ಹಾಕ್ಕೊಳಕ್ಕೆ. ಆಶ್ ಅಂತ, ಕೆಳಗೆ ಕೋಆರ್ಡಿನೇಟರ್ ಅಂತ."

"ನಿಂತು ಮಾಡಿಸೋಳು ಅಂತ ಅಕ್ಕ."

"ನೋಡ್ದಾ! ಪದ ಇತ್ತಲ್ಲೇ! ಎರಡು ದಿನ ಕೂತು ಬರ್ದೆ, ಇದನ್ಯಾಕೆ ಬರೀಲಿಲ್ಲ?" ಇಬ್ಬರೂ ನಕ್ಕೆವು. ಆಮೇಲೆ ಅವರ ಧ್ವನಿ ಬದಲಾಯಿತು. ಆ ದ್ವೀಪದವರ ಎರಡನೆಯ ಮಗಳ ಮದುವೆ. ಪಿನ್ನಿನ ಹೆಂಗಸೇ ಮಾಡಿಸಬೇಕೆಂದು ಕೇಳಿಕೊಂಡು ಬಂದಿದ್ದಾರೆ. ಮೊದಲಿನಿಂದ ಕೊನೆಯವರೆಗೆ ಅಶ್ವತ್ಥಕ್ಕನೇ ಅಲ್ಲಿ ನಿಂತು ಮಾಡಿಸುವ ಮೊದಲ ಮದುವೆ. ಅದೂ ಚೈತ್ರಳ ಮದುವೆಯ ಭಾನುವಾರವೇ. "ನಾನು ಇನ್ನೂ ಹೂಂ ಅಂದಿಲ್ಲ. ಚೈತ್ರನ ಮದುವೆ ಐತೆ ಅಂದಿದೀನಿ. ನೀನು ಬಾ ಅನ್ನು, ಬಂದುಬಿಡ್ತೀನಿ. ಬಿಲ್ಲೆ ಹೋದ್ರೆ ಹೋಗ್ಲಿ, ಕೋಟು ಹಿಡ್ಕೊಂಡು ನಿಂತೋಳಲ್ವಾ ನಾನು."

ಬನ್ನಿ ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಕಾಂಪೌಂಡಿನ ಆಚೆ ಈಗ ಬೇರೆಯವರು ಬಟ್ಟೆ ಹರವಿದ್ದರು. ನಾನು ಹೇಳಿದೆ: "ಬೇಡಕ್ಕ. ಬೆಂಗಳೂರಿನಿಂದ ಈವೆಂಟಿನವರು ಬರ್ತಿದಾರೆ. ಎಲ್ಲಾ ಅವರೇ ನೋಡ್ಕೋತಾರೆ. ನೀವು ಬಂದ್ರೂ ನಿಮಗೆ ಕೆಲಸವೇ ಇರಲ್ಲ."

"ಹಂಗಾ? ಸರಿ ಬಿಡಮ್ಮ. ಚೆನ್ನಾಗಾಗ್ಲಿ."

ಕಾಗದದಲ್ಲಿ ಒಂದು ಸುಳ್ಳು ಬರೆಯಲು ಒಪ್ಪದವಳು ಅಂದು ಅದನ್ನು ಬಾಯಿಂದ ಆಡಿದೆ. ಈವೆಂಟಿನವರು ಬರುವುದು ನಿಜ. ಅಶ್ವತ್ಥಕ್ಕನಿಗೆ ಕೆಲಸವಿರುವುದಿಲ್ಲ ಎಂದದ್ದು ಸುಳ್ಳು. ಆ 'ಹಂಗಾ' ಇವತ್ತಿಗೂ ಚುಚ್ಚುತ್ತದೆ.

ಮದುವೆ ಚೆನ್ನಾಗಿಯೇ ಆಯಿತು. ಈವೆಂಟಿನ ಹುಡುಗಿ ಕಿವಿಗೆ ಮೈಕು ಸಿಕ್ಕಿಸಿಕೊಂಡು, ಟ್ಯಾಬಿನಲ್ಲಿ ಗೀಟು ಹಾಕುತ್ತ ಜಾಣತನದಿಂದಲೇ ಓಡಾಡಿದಳು. ಸೇವಂತಿಗೆ ಇವತ್ತಿನದೇ ಇತ್ತು. ನಾನು ಮೂಟೆಗೆ ಕೈ ಹಾಕಿ ನೋಡಿದ್ದೆ. ಧಾರೆ ಮುಗಿದ ಮೇಲೆ ನಾನು ಮದುಮಗಳ ತಾಯಿ ನಿಲ್ಲಬೇಕಾದ ಜಾಗ ಬಿಟ್ಟು ಊಟದ ಮನೆಯ ಬಾಗಿಲಿಗೆ ಹೋಗಿ ನಿಂತೆ, ಬಲಗೈ ಬಳೆಯಲ್ಲಿ ಐದು ಪಿನ್ನು ಹಾಕಿಕೊಂಡು. ನಮ್ಮೆಜಮಾನರು ಕರೆಯಲು ಬಂದವರು ಕೈ ನೋಡಿ ಹಿಂತಿರುಗಿದರು. ಮೊದಲ ಪಂಕ್ತಿ, ಎರಡನೆಯದು, ಮೂರನೆಯದು. ಒಂದೊಂದು ಪಿನ್ನೂ ತೆರೆದು ಮುಚ್ಚುವಾಗ ಅಶ್ವತ್ಥಕ್ಕನ ಬೆರಳುಗಳು ಎಷ್ಟು ಹಗುರಾಗಿ ಈ ಕೆಲಸ ಮಾಡುತ್ತಿದ್ದವೆಂದು ತಿಳಿಯಿತು. ನನಗೆ ಎರಡು ಸಲ ಚುಚ್ಚಿತು. ಕೆಲಸದವರೆಲ್ಲ ಕೂತ ನಾಲ್ಕನೆಯ ಪಂಕ್ತಿ ಎದ್ದಾಗ ನಾಲ್ಕು ಗಂಟೆಯಾಗಿತ್ತು.

ಬಡಿಸುವವರ ಮೇಸ್ತ್ರಿ ಬಂದು ಕೇಳಿದ: "ಎಲ್ಲಾ ಮುಗೀತಾ ಅಮ್ಮ? ಪಾತ್ರೆ ತೊಳ್ಸಿಬಿಡ್ಲಾ?"

"ಒಂದು ಎಲೆಗೆ ತೆಗೆದಿಡಪ್ಪ. ಒಂದು ಒಬ್ಬಟ್ಟೂ ಇಡು."

"ಇನ್ಯಾರಮ್ಮ ಬರೋರು?"

"ಬಸ್ಸು ತಪ್ಪಿದೆ ಅವರಿಗೆ."

ಅವನು ಹೋದ ಮೇಲೆ, ಒಂದೇ ಪಿನ್ನು ಉಳಿದ ನನ್ನ ಬಲಗೈಯ ಫೋಟೋ ತೆಗೆದು ಅಶ್ವತ್ಥಕ್ಕನಿಗೆ ಕಳಿಸಿದೆ. ಏನೂ ಬರೆಯಲಿಲ್ಲ. ಬರೆದರೆ ಮತ್ತೆ ಏನಾದರೂ ತಪ್ಪಾದೀತು ಎಂಬ ಭಯ. ಹತ್ತು ನಿಮಿಷಕ್ಕೆ ಅವರ ಧ್ವನಿ ಬಂತು. ಹಿಂದೆ ತಟ್ಟೆಗಳನ್ನು ಪೇರಿಸುವ ಸದ್ದು, ಯಾರೋ ಆಶ್, ಆಶ್ ಎಂದು ಕೂಗುತ್ತಿದ್ದರು. ಅಲ್ಲಿ ರಾತ್ರಿ, ಅವರು ಮಾಡಿಸುತ್ತಿದ್ದ ಮದುವೆಯೂ ಆಗಷ್ಟೇ ಮುಗಿದಿತ್ತು.

"ಸುಳ್ಳಿ" ಎಂದರು ಮೊದಲು. ಆಮೇಲೆ, ಮೂಗು ಎಳೆದುಕೊಂಡು, "ಅದನ್ನ ದಾಟಿಸ್ಬೇಡ ಕಣೇ, ಶೈಲಮ್ಮ. ನಾನಿನ್ನೂ ಉಂಡಿಲ್ಲ."

ದಾಟಿಸಿಲ್ಲ.